ರಣಹದ್ದು ಎಷ್ಟಿವೆ ಅಂತ ಕೇಳೋರಿಗೆ

ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿದ್ದೆ ಅಂತ ಯಾರಿಗಾದ್ರೂ ಹೇಳಿದ್ರೆ ಸಾಕು, ಮೊದಲು ಬರೋ ಪ್ರಶ್ನೆ ಒಂದೇ: ಈಗ ಅಲ್ಲಿ ಎಷ್ಟು ರಣಹದ್ದು ಇವೆ? ಕೇಳೋದು ಸಹಜ. 2012ರಲ್ಲಿ ಆ 346 ಹೆಕ್ಟೇರ್ ಬಂಡೆ ಕುರುಚಲು ಕಾಡನ್ನ ರಣಹದ್ದು ವನ್ಯಧಾಮ ಅಂತ ಘೋಷಣೆ ಮಾಡಿದ್ರು, ಆಗಿಂದ ಪೇಪರಲ್ಲಿ ಆಗಾಗ ಇಷ್ಟಿದ್ದಿದ್ದು ಇಷ್ಟಾಯ್ತು ಅಂತ ಸುದ್ದಿ ಬರ್ತಾನೇ ಇರತ್ತೆ, ಬೆರಳೆಣಿಕೆಯಷ್ಟು ಹಕ್ಕಿಗಳು, ಒಂದು ಜಾಸ್ತಿಯಾದ್ರೆ ಖುಷಿ, ಒಂದು ಕಮ್ಮಿಯಾದ್ರೆ ಆತಂಕ. ನನಗೂ ಅದೇ ಆಗತ್ತೆ. ಆದ್ರೆ ಗಣತಿಗೆ ವಾಲಂಟಿಯರ್ ಆಗಿ ಹೋಗ್ತಾ ಹೋಗ್ತಾ, ಇದರ ಬಗ್ಗೆ ಓದ್ತಾ ಓದ್ತಾ, ಈ ಹಕ್ಕಿ ವಿಷಯದಲ್ಲಿ ಆ ಒಂದು ಸಂಖ್ಯೆಯಿಂದ ಗೊತ್ತಾಗೋದು ತುಂಬಾ ಕಮ್ಮಿ ಅಂತ ನನಗೆ ಖಾತ್ರಿಯಾಗಿದೆ. ಅದು ಯಾಕೆ ಅಂತ ಬರೀತೀನಿ.

ಗುಬ್ಬಿಯನ್ನೋ ಮೈನಾನೋ ಎಣಿಸೋದು ಬೇರೆ. ಅವು ಬೇಗ ಹುಟ್ಟತ್ವೆ, ಬೇಗ ಸಾಯ್ತವೆ, ಒಂದು ವರ್ಷ ಏನಾದ್ರೂ ಕೆಟ್ಟದಾಯ್ತು ಅಂದ್ರೆ ಮುಂದಿನ ವರ್ಷದ ಲೆಕ್ಕದಲ್ಲೇ ಕಾಣತ್ತೆ. ರಾಮದೇವರ ಬೆಟ್ಟದಲ್ಲಿರೋದು ಉದ್ದಕೊಕ್ಕಿನ ರಣಹದ್ದು, ಜೊತೆಗೆ ಸಣ್ಣ ಬಿಳಿ ರಣಹದ್ದು, ಅದೇ ಈಜಿಪ್ಟಿಯನ್ ವಲ್ಚರ್ ಅಂತಾರಲ್ಲ ಅದು. ಉದ್ದಕೊಕ್ಕಿನದು ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. ಗಂಡು ಹೆಣ್ಣು ಎರಡೂ ಪಾಳಿ ಮೇಲೆ ಸುಮಾರು ಏಳು ವಾರ ಕಾವು ಕೊಡತ್ವೆ, ಆಮೇಲೆ ಮರಿ ರೆಕ್ಕೆ ಬಲಿತು ಹಾರೋಕೆ ಇನ್ನೂ ಮೂರು ತಿಂಗಳ ಮೇಲೆ ಬೇಕು. ಆ ಮರಿ ತಾನೇ ಗೂಡು ಕಟ್ಟೋ ವಯಸ್ಸಿಗೆ ಬರೋಕೆ ಐದು ವರ್ಷ. ಒಮ್ಮೆ ಆ ವಯಸ್ಸು ಮುಟ್ಟಿದ್ರೆ ಮಾತ್ರ ಹತ್ತಾರು ವರ್ಷ ಬದುಕೋ ಹಕ್ಕಿ.

ಈಗ ಒಂದು ಜೋಡಿ ಇದೆ ಅಂದ್ಕೊಳ್ಳಿ. ಪ್ರತಿ ವರ್ಷ ಗೂಡಲ್ಲಿ ಮೊಟ್ಟೆ ಕೆಟ್ಟುಹೋಗತ್ತೆ, ಇಲ್ಲಾ ಮರಿ ಸಾಯತ್ತೆ, ಹತ್ತು ವರ್ಷ ಹೀಗೇ ಆಯ್ತು. ಎಣಿಸೋಕೆ ಹೋದವರ ಪಟ್ಟಿಯಲ್ಲಿ ಹತ್ತು ವರ್ಷಾನೂ "2" ಅಂತಲೇ ಇರತ್ತೆ. ಎಲ್ಲಾ ಸರಿಯಾಗಿದೆ ಅಂತ ಕಾಣೋ ಪಟ್ಟಿ ಅದು, ಆದ್ರೆ ಆ ಬಂಡೆ ಮೇಲೆ ವಂಶ ಮುಗೀತಾ ಬಂದಿರತ್ತೆ.

ಇನ್ನೊಂದು ಲೆಕ್ಕ ಇದೆ, ಇದು ನನ್ನನ್ನ ತುಂಬಾ ಯೋಚನೆಗೆ ಹಚ್ಚಿದ್ದು. ದೊಡ್ಡ ಹಕ್ಕಿಗಳಲ್ಲಿ ವರ್ಷಕ್ಕೆ 100ಕ್ಕೆ 5 ಸಾಯ್ತವೆ ಅಂದ್ರೆ, ಬೆಳೆದ ಒಂದು ಹಕ್ಕಿಗೆ ಸರಾಸರಿ ಇನ್ನೂ 20 ವರ್ಷ ಆಯಸ್ಸು ಸಿಕ್ಕ ಹಾಗೆ. ಅದೇ 100ಕ್ಕೆ 10 ಸತ್ರೆ ಆ 20 ವರ್ಷ 10ಕ್ಕೆ ಇಳಿಯತ್ತೆ. ಅಂದ್ರೆ ಜೀವಮಾನದಲ್ಲಿ ಹೆಚ್ಚೆಂದ್ರೆ 10 ಮೊಟ್ಟೆ, ಅದರಲ್ಲಿ ಅರ್ಧ ಹಾರೋ ಮಟ್ಟಕ್ಕೆ ಬಂದ್ರೆ 5, ಆ 5ರಲ್ಲಿ ಐದು ವರ್ಷ ದಾಟೋದು ಎಷ್ಟು, ಎರಡೋ ಏನೋ. ಅಪ್ಪ ಅಮ್ಮನ ಜಾಗ ತುಂಬೋಕೆ ಎರಡು ಬೇಕೇ ಬೇಕು, ಅಲ್ಲಿಗೆ ಉಸಿರು ಕಟ್ಟೋ ಅಂಚಿಗೆ ಬಂದಾಯ್ತು. 5 ಮತ್ತು 10ರ ನಡುವಿನ ವ್ಯತ್ಯಾಸವನ್ನ ಬೆಟ್ಟದ ಕೆಳಗೆ ಬೈನಾಕ್ಯುಲರ್ ಹಿಡಿದು ನಿಂತು ಹಿಡಿಯೋಕೆ ಆಗಲ್ಲ. ಹಕ್ಕಿ ಹತ್ತೇ ಇರುವಾಗ ಒಂದು ಕಮ್ಮಿ ಕಂಡ್ರೆ ಸತ್ತಿರಬಹುದು, ಇಲ್ಲಾ ನಾವು ನಿಂತಾಗ ನೂರು ಕಿಲೋಮೀಟರ್ ಆಚೆ ಯಾವುದೋ ದನ ತಿಂತಾ ಇರಬಹುದು. ಅದಕ್ಕೇ ಇವುಗಳ ಮೇಲೆ ನಿಗಾ ಇಡೋರು ತಲೆ ಎಣಿಸೋದನ್ನ ಬಿಟ್ಟು ಬೇರೆ ಬೇರೆ ದಾರಿ ಹುಡುಕಿರೋದು.

ಮೊದಲು ಬಂಡೆ ಕೆಳಗಿನ ಕೆಲಸ ಹೇಗಿರತ್ತೆ ಅಂತ ಹೇಳಿಬಿಡ್ತೀನಿ. ಬೆಳಗ್ಗೆ ಬಿಸಿಲೇರೋ ಮುಂಚೆ ಹೋಗಿ ನಿಲ್ಲಬೇಕು, ಯಾಕಂದ್ರೆ ಬಂಡೆ ಕಾದು ಬಿಸಿಗಾಳಿ ಮೇಲೇಳೋಕೆ ಶುರುವಾದ ತಕ್ಷಣ ಅವು ರೆಕ್ಕೆ ಬಡಿಯದೇನೇ ಸುತ್ತುಹಾಕ್ತಾ ಮೇಲೆ ಹೋಗಿಬಿಡತ್ವೆ, ಆಮೇಲೆ ಎಣಿಸೋದು ಕಷ್ಟ. ಮೊದಲು ಹಕ್ಕಿ ಹುಡುಕಬಾರದು, ಹಿಕ್ಕೆ ಹುಡುಕಬೇಕು. ವರ್ಷಗಟ್ಟಲೆ ಕೂತ ಅಂಚುಗಳ ಕೆಳಗೆ ಸುಣ್ಣ ಸುರಿದ ಹಾಗೆ ಉದ್ದುದ್ದ ಬಿಳಿ ಗೆರೆ ಇಳಿದಿರತ್ತೆ, ಆ ಗೆರೆ ಮೇಲೆ ಎಲ್ಲಿ ಮುಗಿಯತ್ತೋ ಅಲ್ಲಿ ಟೆಲಿಸ್ಕೋಪ್ ಇಟ್ರೆ ಗೂಡು ಸಿಗತ್ತೆ. ಗೆರೆ ಹೊಳೀತಿದೆಯಾ ಮಾಸಿದೆಯಾ ನೋಡಿದ್ರೆ ಈ ವರ್ಷ ಆ ಜಾಗ ಬಳಕೆಯಲ್ಲಿದೆಯಾ ಅಂತ ಅಂದಾಜಾಗತ್ತೆ. ಆಮೇಲೆ ವಯಸ್ಸು. ಮರಿಯ ತಲೆ ಕತ್ತಿನ ಮೇಲೆ ಬಿಳಿ ತುಪ್ಪುಳ, ಕೊಕ್ಕು ಕಪ್ಪು. ಬೆಳೆದ ಮೇಲೆ ತಲೆ ಬೋಳಾಗಿ ಕಪ್ಪಾಗತ್ತೆ, ಕೊಕ್ಕು ತಿಳಿ ಬಣ್ಣಕ್ಕೆ ತಿರುಗತ್ತೆ. ಪಟ್ಟಿಯಲ್ಲಿ "5 ಹಕ್ಕಿ" ಅಂತ ಬರೆಯೋದಕ್ಕೂ "4 ದೊಡ್ಡವು, 1 ಈ ವರ್ಷದ ಮರಿ" ಅಂತ ಬರೆಯೋದಕ್ಕೂ ಅಜಗಜಾಂತರ. ಒಂದು ಬೆಟ್ಟದಲ್ಲಿ ಎಷ್ಟು ವರ್ಷದಿಂದ ಮರಿ ಕಂಡಿಲ್ಲ ಅನ್ನೋದು ನನ್ನ ಪ್ರಕಾರ ಒಟ್ಟು ಸಂಖ್ಯೆಗಿಂತ ದೊಡ್ಡ ಸುದ್ದಿ.

ಒಂದ್ಸಲ ಹೀಗೇ ನಿಂತಿದ್ವಿ, ಬೆಳಗ್ಗೆ ಒಂದು ಹಕ್ಕಿ ಬಂಡೆ ಬಿಟ್ಟು ಹೋಯ್ತು, ಸ್ವಲ್ಪ ಹೊತ್ತಾದ್ಮೇಲೆ ಇನ್ನೊಂದು ದಿಕ್ಕಿಂದ ಒಂದು ಬಂತು. ಎರಡನೇದು ಅಂತ ಪೆನ್ ಎತ್ತಿದ್ದೆ. ಪಕ್ಕದಲ್ಲಿದ್ದ ವಾಚರ್ "ಸಾರ್, ತಡೀರಿ, ಅದು ಬೆಳಗ್ಗೆ ಹೋದದ್ದೇ. ಎಡಗಡೆ ರೆಕ್ಕೆ ನೋಡಿ, ಒಂದು ಗರಿ ಇಲ್ಲ" ಅಂದ್ರು. ನೋಡಿದ್ರೆ ನಿಜ, ರೆಕ್ಕೆ ಬಿಚ್ಚಿದಾಗ ಬೆರಳು ಥರ ಕಾಣತ್ವಲ್ಲ ಗರಿಗಳು, ಅದರ ಒಳಗಡೆ ಒಂದು ಜಾಗ ಖಾಲಿ. ದೊಡ್ಡ ಹಕ್ಕಿಗಳಿಗೆ ಹಳೇ ಗರಿ ಉದುರಿ ಹೊಸದು ಪೂರ್ತಿ ಬೆಳೆಯೋಕೆ ವಾರಗಟ್ಟಲೆ ಬೇಕು, ಹಾಗಾಗಿ ಆ ಖಾಲಿ ಜಾಗ ಅಷ್ಟು ದಿನ ಒಂದು ಗುರುತಿನ ಚೀಟಿ ಇದ್ದಂಗೆ. ಅವರಿಗೆ ಇದನ್ನ ಯಾರೂ ಹೇಳಿಕೊಟ್ಟಿಲ್ಲ, ದಿನಾ ನೋಡಿ ನೋಡಿ ಬಂದಿರೋದು. ಗಣತಿ ವರದಿಗಳಲ್ಲಿ ಇಂಥವರ ಕಣ್ಣಿಗೆ ಸಿಗಬೇಕಾದ ಜಾಗ ಸಿಗಲ್ಲ ಅನ್ನೋದು ನನಗೆ ಯಾವಾಗ್ಲೂ ಬೇಜಾರು.

ಇದೇ ವಿದ್ಯೆ ಅಮೆರಿಕದಲ್ಲಿ ಒಂದು ಹಕ್ಕಿಯ ಹಣೆಬರಹವನ್ನೇ ಬದಲಾಯಿಸಿದೆ. ಕ್ಯಾಲಿಫೋರ್ನಿಯಾ ಕಾಂಡೋರ್, ಇದೂ ಹೆಣ ತಿನ್ನೋ ಹಕ್ಕಿ, ರೆಕ್ಕೆ ಬಿಚ್ಚಿದ್ರೆ ಹತ್ತಿರತ್ತಿರ ಮೂರು ಮೀಟರ್. 1960ರ ದಶಕದಿಂದ ವರ್ಷಕ್ಕೊಮ್ಮೆ ಅಕ್ಟೋಬರಲ್ಲಿ ಎಲ್ಲಾ ಗುಡ್ಡಗಳ ಮೇಲೆ ಜನ ಕೂತು ಎಣಿಸ್ತಿದ್ರು, ಆದ್ರೆ ಒಂದೇ ಹಕ್ಕಿ ಎಷ್ಟು ಗುಡ್ಡದ ಮೇಲೆ ಹಾದು ಹೋಯ್ತು ಅನ್ನೋ ಜಗಳ ಮುಗೀತಾನೇ ಇರಲಿಲ್ಲ. 80ರ ದಶಕದ ಶುರುವಲ್ಲಿ ನೋಯೆಲ್ ಸ್ನೈಡರ್, ಎರಿಕ್ ಜಾನ್ಸನ್ ಅನ್ನೋರು ಹಾರೋ ಕಾಂಡೋರ್‌ಗಳನ್ನ ಕೆಳಗಿನಿಂದ ಫೋಟೋ ತೆಗೆದು ಸೇರಿಸೋಕೆ ಶುರು ಮಾಡಿದ್ರು. ಯಾವ ರೆಕ್ಕೆಯಲ್ಲಿ ಯಾವ ಗರಿ ಬಿದ್ದಿದೆ, ಯಾವುದು ಅರ್ಧ ಬೆಳೆದಿದೆ, ಯಾವುದು ಮುರಿದಿದೆ ಅಂತ ಒಂದೊಂದೇ ಫೋಟೋ ಹೊಂದಿಸಿ, ಇದು ಇಂಥ ಹಕ್ಕಿ, ಅದು ಅಂಥ ಹಕ್ಕಿ ಅಂತ ಬೇರ್ಪಡಿಸಿದ್ರು. ಆಗ ಗೊತ್ತಾಯ್ತು ಭೂಮಿ ಮೇಲೆ ಉಳಿದಿರೋದು ಇಪ್ಪತ್ತು ಚಿಲ್ಲರೆ ಅಂತ. ಅಂದಾಜಿನ ಕಾಲ ಅಲ್ಲಿಗೆ ಮುಗೀತು, ಇಂಥ ಹಕ್ಕಿ ಇದೆ, ಇಂಥದು ಕಾಣ್ತಿಲ್ಲ ಅಂತ ಹೇಳೋ ಹಾಗಾಯ್ತು. 1984-85ರ ಚಳಿಗಾಲದಲ್ಲಿ ಕಾಡಲ್ಲಿದ್ದ 15ರಲ್ಲಿ 6 ಕಾಣೆಯಾದವು, ಮರಿ ಮಾಡೋ ಜೋಡಿ ಒಂದೇ ಉಳೀತು. ಹಳೇ ಅಕ್ಟೋಬರ್ ಗಣತಿ ಮಾತ್ರ ಇದ್ದಿದ್ರೆ ಈ ಆರರ ನಷ್ಟ ಅಂದಾಜಿನ ಏರುಪೇರಲ್ಲಿ ಮುಚ್ಚಿ ಹೋಗ್ತಿತ್ತು. ಹೆಸರು ಹಿಡಿದು ಲೆಕ್ಕ ಇದ್ದಿದ್ದಕ್ಕೆ ತಡ ಮಾಡೋ ಹಾಗಿಲ್ಲ ಅಂತ ಗೊತ್ತಾಗಿ, ದೊಡ್ಡ ವಾದ ವಿವಾದದ ನಡುವೆ ಉಳಿದ ಎಲ್ಲವನ್ನೂ ಹಿಡಿದ್ರು. 1987ರಲ್ಲಿ ಕೊನೇದನ್ನ ಹಿಡಿದಾಗ ಒಟ್ಟು 27 ಇದ್ದವು. ಇವತ್ತು ಅವುಗಳ ಸಂಖ್ಯೆ 500 ದಾಟಿದೆ, ಹೆಚ್ಚಿನವು ಕಾಡಲ್ಲೇ ಇವೆ, ರೆಕ್ಕೆ ಮೇಲೆ ದೊಡ್ಡ ನಂಬರ್ ಇರತ್ತೆ, ಹಿಡಿದು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡ್ತಾರೆ, ಯಾಕಂದ್ರೆ ಬೇಟೆಗಾರರ ಗುಂಡಿನ ಸೀಸ ಹೆಣದ ಜೊತೆ ಹೊಟ್ಟೆಗೆ ಹೋಗಿ ಅವನ್ನ ಕೊಲ್ಲತ್ತೆ.

ನಂಬರನ್ನ ರೆಕ್ಕೆಗೇ ಯಾಕೆ ಹಾಕ್ತಾರೆ, ಬೇರೆ ಹಕ್ಕಿಗಳ ಹಾಗೆ ಕಾಲಿಗೆ ಉಂಗುರ ಹಾಕಬಹುದಲ್ಲ ಅಂತ ಕೇಳಬಹುದು. ಕಾಂಡೋರ್ ಜಾತಿಯವು ಸೆಖೆ ಆದಾಗ ತಮ್ಮ ಕಾಲ ಮೇಲೇ ಹಿಕ್ಕೆ ಹಾಕ್ಕೊಂಡು ಮೈ ತಂಪು ಮಾಡ್ಕೊಳ್ಳತ್ವೆ. ಉಂಗುರ ಇದ್ರೆ ಅದರೊಳಗೆ ಹಿಕ್ಕೆ ಕಟ್ಟಿ ಗಟ್ಟಿಯಾಗಿ ಕಾಲೇ ಹಾಳಾಗತ್ತೆ. ಹಕ್ಕಿ ಹೇಗೆ ಬದುಕತ್ತೆ ಅಂತ ಗೊತ್ತಿಲ್ಲದೇ ನಿಗಾ ಇಡೋಕೆ ಹೋದ್ರೆ ನಿಗಾ ಇಡೋದೇ ಹಕ್ಕಿಗೆ ಕುತ್ತಾಗತ್ತೆ.

ಇನ್ನು ನಮ್ಮ ದೇಶದ ಕಥೆ. ನಮ್ಮಲ್ಲಿ 80ರ ದಶಕದಲ್ಲಿ ರಣಹದ್ದು ಎಷ್ಟಿತ್ತು ಅಂದ್ರೆ ಅದನ್ನ ಎಣಿಸಬೇಕು ಅಂತ ಯಾರಿಗೂ ಅನಿಸ್ತಿರಲಿಲ್ಲ. ಆದ್ರೂ ನಮಗೆ ಹಳೇ ಲೆಕ್ಕ ಸಿಕ್ಕಿದ್ದು ಎರಡು ಕಡೆಯಿಂದ. ಒಂದು, ರಾಜಸ್ಥಾನದ ಭರತ್‌ಪುರ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅಲ್ಲಿನ ಕೇವಲಾದೇವ್ ಪಾರ್ಕಲ್ಲಿ ಬೇಟೆ ಹಕ್ಕಿಗಳ ಅಧ್ಯಯನ ಮಾಡ್ತಾ 1987-88ರಲ್ಲಿ ಬಿಳಿಬೆನ್ನಿನ ರಣಹದ್ದಿನ 353 ಗೂಡು ಎಣಿಸಿದ್ರು. 90ರ ದಶಕದ ಮಧ್ಯಕ್ಕೆ ಮತ್ತೆ ಬಂದಾಗ ಅರ್ಧಕ್ಕಿಂತ ಕಮ್ಮಿ, ಕತ್ತು ಜೋತುಬಿದ್ದು ಕೂತ ಹಕ್ಕಿಗಳು, ಗೂಡಲ್ಲೇ ಸತ್ತು ಕೊಂಬೆಗೆ ನೇತಾಡೋ ಹಕ್ಕಿಗಳು. ಎರಡನೇದು, 1991ರಿಂದ 93ರ ತನಕ ಜೀಪಲ್ಲಿ ಉತ್ತರ, ಪೂರ್ವ, ಪಶ್ಚಿಮ ಭಾರತದ ರಸ್ತೆಗಳಲ್ಲಿ ಸಾವಿರಾರು ಕಿಲೋಮೀಟರ್ ನಿಧಾನಕ್ಕೆ ಓಡಿಸಿ ಎರಡೂ ಬದಿ ಕಂಡ ಹದ್ದು, ಗಿಡುಗ, ರಣಹದ್ದು ಎಲ್ಲಾ ಬರೆದಿಟ್ಟ ಒಂದು ಸರ್ವೆ. ಅದು ರಣಹದ್ದಿಗಾಗಿ ಮಾಡಿದ್ದಲ್ಲ, ಎಲ್ಲಾ ಬೇಟೆ ಹಕ್ಕಿಗಳಿಗೆ ಮಾಡಿದ್ದು.

2000ದಲ್ಲಿ ಅದೇ ರಸ್ತೆ, ಅದೇ ವಿಧಾನ, ಮತ್ತೆ ಓಡಿಸಿದ್ರು. ಆಮೇಲೆ 2002, 2003, 2007, 2011, 2015. ಹೊಸ ಟೆಕ್ನಾಲಜಿ ಏನೂ ಇಲ್ಲ ಇದರಲ್ಲಿ, ಜೀಪು, ಕಣ್ಣು, ನೋಟ್‌ಬುಕ್, ಆದ್ರೆ ದಾರಿ ಬದಲಾಯಿಸಲಿಲ್ಲ, ವಿಧಾನ ಬದಲಾಯಿಸಲಿಲ್ಲ. ಆ ಹಠದಿಂದಾನೇ ಹೇಳೋಕೆ ಆಯ್ತು, 1992ರಿಂದ 2007ರ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ಶೇಕಡ 99.9 ಕಮ್ಮಿಯಾಯ್ತು ಅಂತ, ಅಂದ್ರೆ 1000 ಇದ್ದ ಕಡೆ 1. ಉದ್ದಕೊಕ್ಕಿನದು ಮತ್ತು ತೆಳುಕೊಕ್ಕಿನದು ಸೇರಿ ಶೇಕಡ 96.8. 2000ದಿಂದ 2007ರ ತನಕ ಬಿಳಿಬೆನ್ನಿನದು ವರ್ಷಕ್ಕೆ ಸರಾಸರಿ ಶೇಕಡ 44ರ ಹತ್ತಿರ ಇಳೀತಾ ಇತ್ತು. 91ರಲ್ಲಿ ಯಾರೋ ಒಂದಷ್ಟು ಜನ ಸಾಮಾನ್ಯ ಹಕ್ಕಿ ಅಂತ ತಾತ್ಸಾರ ಮಾಡದೇ ಪ್ರತಿ ರಣಹದ್ದನ್ನೂ ಬರೆದಿಡದೇ ಹೋಗಿದ್ರೆ ಇವತ್ತು ನಮ್ಮ ಹತ್ರ ಇರ್ತಿದ್ದಿದ್ದು "ಮುಂಚೆ ತುಂಬಾ ಇತ್ತು ಕಣ್ರೀ" ಅನ್ನೋ ಅಜ್ಜಂದಿರ ಮಾತು ಮಾತ್ರ. ಈಗ ಕಾಗೆ, ಮೈನಾ, ಹದ್ದು ಎಣಿಸೋರನ್ನ ನೋಡಿದ್ರೆ ನನಗೆ ಗೌರವ ಬರೋದು ಇದಕ್ಕೇ.

ಯಾಕೆ ಸತ್ತವು ಅನ್ನೋದನ್ನ ಹುಡುಕಿದ್ದು ಮಾತ್ರ ಬದುಕಿರೋ ಹಕ್ಕಿ ಎಣಿಸಿ ಅಲ್ಲ, ಸತ್ತ ಹಕ್ಕಿ ಕೊಯ್ದು. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ ಲಿಂಡ್ಸೆ ಓಕ್ಸ್ ತಂಡದವರು ಗೂಡಿನ ಜಾಗಗಳಲ್ಲಿ ಸತ್ತುಬಿದ್ದವನ್ನ ಆರಿಸಿ ಕೊಯ್ದು ನೋಡಿದ್ರೆ ಬಹುಪಾಲು ಹಕ್ಕಿಗಳಲ್ಲಿ ಹೃದಯ, ಲಿವರ್, ಕಿಡ್ನಿ ಮೇಲೆಲ್ಲಾ ಯೂರಿಕ್ ಆಸಿಡ್ಡಿನ ಬಿಳಿ ಪೇಸ್ಟ್ ಬಳಿದುಕೊಂಡಿತ್ತು. ಕಿಡ್ನಿ ಕೆಲಸ ನಿಲ್ಲಿಸಿದ ಗುರುತು. ಅದರ ಹಿಂದೆ ಇದ್ದದ್ದು ಡೈಕ್ಲೋಫಿನ್ಯಾಕ್, ದನಕ್ಕೆ ನೋವು ಜ್ವರಕ್ಕೆ ಕೊಡ್ತಿದ್ದ ಇಂಜೆಕ್ಷನ್. ದನ ಸತ್ತು, ಹೆಣದಲ್ಲಿ ಔಷಧಿ ಉಳಿದು, ತಿಂದ ರಣಹದ್ದು ಸ್ವಲ್ಪ ದಿನದಲ್ಲೇ ಸಾಯ್ತಿತ್ತು. 2004ರಲ್ಲಿ ಅದು ಪ್ರಕಟ ಆಯ್ತು, 2006ರಲ್ಲಿ ಭಾರತ ಪಶುಗಳಿಗೆ ಅದನ್ನ ನಿಲ್ಲಿಸೋಕೆ ಆದೇಶ ಮಾಡಿತು.

ಆಗ ತುಂಬಾ ಜನರಿಗೆ ನಂಬಿಕೆ ಬರಲಿಲ್ಲ, ಎಲ್ಲೋ ಕೆಲವು ದನಕ್ಕೆ ಕೊಟ್ಟ ಔಷಧಿಯಿಂದ ಇಡೀ ಉಪಖಂಡದ ರಣಹದ್ದು ಹೇಗೆ ಸಾಯತ್ತೆ ಅಂತ. ಲೆಕ್ಕ ಹಾಕಿ ನೋಡಿ. ರಣಹದ್ದು ಮೂರು ದಿನಕ್ಕೊಂದ್ಸಲ ತಿನ್ನತ್ತೆ ಅಂದ್ಕೊಳ್ಳೋಣ, ವರ್ಷಕ್ಕೆ 120 ಊಟ. 200 ಹೆಣದಲ್ಲಿ ಒಂದೇ ಒಂದರಲ್ಲಿ ಸಾಯೋವಷ್ಟು ವಿಷ ಇದೆ ಅಂದ್ಕೊಳ್ಳೋಣ. 120 ಊಟದಲ್ಲಿ ಒಂದ್ಸಲಾನೂ ಆ ಹೆಣ ಸಿಗದೇ ಪಾರಾಗೋ ಹಕ್ಕಿಗಳು 100ಕ್ಕೆ 55. ಉಳಿದ 45 ಅದೇ ವರ್ಷ ಸಾಯ್ತವೆ. ಮೇಲೆ ಬರೆದ ಶೇಕಡ 44 ನೆನಪಿಸ್ಕೊಳ್ಳಿ. ವಿಜ್ಞಾನಿ ರೀಸ್ ಗ್ರೀನ್ ಮತ್ತು ಜೊತೆಗಾರರು 2004ರಲ್ಲೇ ಸರಿಯಾದ ಗಣಿತದ ಮಾಡೆಲ್ ಹಾಕಿ ಹೇಳಿದ್ದೂ ಇದನ್ನೇ, 100 ಹೆಣದಲ್ಲಿ ಒಂದಕ್ಕಿಂತ ಕಮ್ಮಿ ವಿಷದ್ದಾಗಿದ್ರೂ ಈ ಕುಸಿತಕ್ಕೆ ಸಾಕು ಅಂತ.

ಈ ಲೆಕ್ಕ ಬಂದ ಮೇಲೆ ನಿಗಾ ಇಡೋ ಕೆಲಸ ಆಕಾಶದಿಂದ ನೆಲಕ್ಕೆ ಇಳೀತು. ಸತ್ತ ದನ ಹಾಕೋ ಜಾಗಗಳಿಗೆ ಹೋಗಿ ಲಿವರ್ ಚೂರು ಕತ್ತರಿಸಿ ಲ್ಯಾಬಿಗೆ ಕಳಿಸೋಕೆ ಶುರು ಮಾಡಿದ್ರು. ಬ್ಯಾನ್ ಮುಂಚೆ 100ರಲ್ಲಿ 10ರ ಆಸುಪಾಸು ಹೆಣದಲ್ಲಿ ಡೈಕ್ಲೋಫಿನ್ಯಾಕ್ ಸಿಗ್ತಿತ್ತು, ಎಲ್ಲದರಲ್ಲೂ ಸಾಯೋವಷ್ಟಲ್ಲ ಆದ್ರೂ ಇತ್ತು, ಬ್ಯಾನ್ ಆಗಿ ಎರಡು ವರ್ಷಕ್ಕೆ ಅದು 6.5ರ ಹತ್ತಿರ ಬಂತು. ಇಳೀತು, ಆದ್ರೆ ಸಾಕಾಗೋವಷ್ಟಲ್ಲ. ಯಾಕೆ ಅಂತ ನೋಡೋಕೆ ಗಿರಾಕಿ ಥರ ಮೆಡಿಕಲ್ ಶಾಪಿಗೆ ಹೋಗಿ "ದನಕ್ಕೆ ನೋವಿನ ಔಷಧಿ ಕೊಡಿ" ಅಂತ ಕೇಳಿದ್ರು. 2007ರಿಂದ 2010ರ ತನಕ 11 ರಾಜ್ಯಗಳಲ್ಲಿ ಹೀಗೆ ಕೇಳಿದಾಗ ಶೇಕಡ 36 ಅಂಗಡಿಗಳಲ್ಲಿ ಡೈಕ್ಲೋಫಿನ್ಯಾಕ್ ಇತ್ತು, ಮನುಷ್ಯರಿಗೆ ಅಂತ ಮಾಡಿದ ದೊಡ್ಡ ಬಾಟಲಿ ದನಕ್ಕೆ ಹೋಗ್ತಿತ್ತು. ಅದಕ್ಕೇ 2015ರಲ್ಲಿ ಮನುಷ್ಯರ ಇಂಜೆಕ್ಷನ್ನೂ 3 ಎಂಎಲ್ ಬಾಟಲಿಗಿಂತ ದೊಡ್ಡದಿರಬಾರದು ಅಂತ ಮಾಡಿದ್ದು. ನನಗೆ ಈ ಅಂಗಡಿ ಸರ್ವೆ ಎಲ್ಲಾ ವಿಧಾನಗಳಲ್ಲೂ ಜಾಣತನದ್ದು ಅನಿಸತ್ತೆ. ಹಕ್ಕಿ ಸತ್ತಾದ ಮೇಲೆ ಗೊತ್ತಾಗೋದಕ್ಕಿಂತ ವಿಷ ಅಂಗಡಿ ಶೆಲ್ಫಲ್ಲಿ ಇರುವಾಗಲೇ ಗೊತ್ತಾಗೋದು ಎಷ್ಟೋ ಮೇಲು.

ಈಗ ನಮ್ಮ ಕಡೆಗೆ ಬರೋಣ. ದಕ್ಷಿಣದಲ್ಲಿ ಬಿಳಿಬೆನ್ನಿನ ರಣಹದ್ದು ಒಂದಿಷ್ಟು ಉಳಿದಿರೋದು ಬಂಡೀಪುರ, ಮುದುಮಲೈ, ವಯನಾಡು ಸೇರೋ ಕಾಡಲ್ಲಿ, ಮೋಯಾರ್ ಹೊಳೆ ಸುತ್ತಮುತ್ತ. ಹೊಳೆ ಪಕ್ಕದ ದೊಡ್ಡ ಹೊಳೆಮತ್ತಿ ಮರಗಳ ಮೇಲೆ ಗೂಡು ಕಟ್ಟತ್ವೆ. ಈ ಹಕ್ಕಿಗೆ ಕರ್ನಾಟಕ ತಮಿಳುನಾಡು ಕೇರಳ ಅಂತ ಗಡಿ ಇಲ್ಲ, ಬೆಳಗ್ಗೆ ಅಲ್ಲಿ ಎದ್ದು ಮಧ್ಯಾಹ್ನ ಇಲ್ಲಿ ಊಟ. ಮೂರು ಇಲಾಖೆಗಳೂ ಬೇರೆ ಬೇರೆ ದಿನ ಎಣಿಸಿದ್ರೆ ಒಂದೇ ಹಕ್ಕಿ ಮೂರು ಪಟ್ಟಿಯಲ್ಲಿ ಬರತ್ತೆ. 2023ರ ಫೆಬ್ರವರಿಯಲ್ಲಿ ಮೂರೂ ರಾಜ್ಯ ಸೇರಿ ಎರಡು ದಿನ, ಒಂದೇ ಹೊತ್ತಿಗೆ ಜಾಗ ಜಾಗದಲ್ಲಿ ಕೂತು ಎಣಿಸಿದ್ರು, ಎಲ್ಲಾ ಜಾತಿಯ ರಣಹದ್ದೂ ಸೇರಿ 246 ಸಿಕ್ಕವು. ಅದೇ ವರ್ಷ ಡಿಸೆಂಬರ್ ಕೊನೆಗೆ ಮತ್ತೆ ಮಾಡಿದಾಗ 320. ಪೇಪರಲ್ಲಿ ರಣಹದ್ದು ಹೆಚ್ಚಳ ಅಂತ ಬಂತು. ಖುಷಿ ನನಗೂ ಆಯ್ತು, ಆದ್ರೆ ವರ್ಷಕ್ಕೆ ಒಂದೇ ಮೊಟ್ಟೆ ಇಡೋ ಹಕ್ಕಿ ಹತ್ತು ತಿಂಗಳಲ್ಲಿ ಶೇಕಡ 30 ಹೆಚ್ಚಾಗೋಕೆ ಸಾಧ್ಯವೇ ಇಲ್ಲ, ಹೆಚ್ಚಾಗಿದ್ದು ನೋಡೋ ಕಣ್ಣು, ಜಾಗ, ಅನುಭವ, ಇಲ್ಲಾ ತಿಂಗಳು ಬೇರೆ ಆಗಿದ್ದರಿಂದ ಹಕ್ಕಿಗಳು ಸೇರೋ ಕಡೆ ಬದಲಾಗಿರಬಹುದು. ಮಧ್ಯಪ್ರದೇಶದಲ್ಲೂ ಹಾಗೆ, 2021ರಲ್ಲಿ 9,446, 2024ರಲ್ಲಿ 10,845 ಅಂತ ಬಂದಿದೆ, ಒಳ್ಳೇ ಸುದ್ದಿ, ಅದರಲ್ಲಿ ಎಷ್ಟು ನಿಜವಾದ ಮರಿಗಳು ಅನ್ನೋದನ್ನ ಗೂಡಿನ ಲೆಕ್ಕ ಜೊತೆಗಿಟ್ಟು ನೋಡಬೇಕು. ನಮ್ಮ ಮೂರು ರಾಜ್ಯದ ಗಣತಿಯ ನಿಜವಾದ ಬೆಲೆ ಗೊತ್ತಾಗೋದು ಅದೇ ಜಾಗದಲ್ಲಿ ಅದೇ ತಿಂಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಬಿಡದೇ ಮಾಡಿದಾಗ. ಅಧಿಕಾರಿಗಳು ಬದಲಾಗ್ತಾರೆ, ಸರ್ಕಾರ ಬದಲಾಗತ್ತೆ, ದುಡ್ಡು ಒಂದು ವರ್ಷ ಇರತ್ತೆ ಒಂದು ವರ್ಷ ಇರಲ್ಲ, ಆದ್ರೂ ಇದು ನಿಲ್ಲಬಾರದು ಅನ್ನೋದು ನನ್ನ ದೊಡ್ಡ ಆಸೆ.

ಜಿಪಿಎಸ್ ಟ್ಯಾಗ್ ಬಗ್ಗೆ ಎಲ್ಲರಿಗೂ ಕುತೂಹಲ. 2020ರಲ್ಲಿ ಹರಿಯಾಣದ ಪಿಂಜೋರಲ್ಲಿ ರಣಹದ್ದು ಸಾಕಿ ಮರಿ ಮಾಡಿಸೋ ಕೇಂದ್ರದವರು 8 ಬಿಳಿಬೆನ್ನಿನ ರಣಹದ್ದು ಕಾಡಿಗೆ ಬಿಟ್ಟಾಗ ಬೆನ್ನಿಗೆ ಟ್ಯಾಗ್ ಕಟ್ಟಿದ್ರು. ಎಲ್ಲಿ ಹಾರಿತು ಅನ್ನೋ ಮ್ಯಾಪ್ ನೋಡೋಕೆ ಚೆಂದ, ಆದ್ರೆ ಟ್ಯಾಗಿನ ದೊಡ್ಡ ಉಪಯೋಗ ಅದಲ್ಲ. ಚುಕ್ಕಿ ಒಂದೇ ಕಡೆ ನಿಂತುಬಿಟ್ರೆ ಅಲ್ಲಿಗೆ ಓಡಬಹುದು. ಹಕ್ಕಿ ಸತ್ತಿದ್ರೆ ಕೊಳೆಯೋ ಮುಂಚೆ ಸಿಗತ್ತೆ, ಕರೆಂಟ್ ತಂತಿಗೆ ಸಿಕ್ತಾ, ಔಷಧಿಯಾ, ಯಾರಾದ್ರೂ ವಿಷ ಹಾಕಿದ್ರಾ ಅಂತ ಗೊತ್ತಾಗತ್ತೆ. 2019ರಲ್ಲಿ ಬೋಟ್ಸ್ವಾನಾದಲ್ಲಿ ವಿಷ ಹಾಕಿದ ಮೂರು ಆನೆ ಹೆಣದ ಸುತ್ತ 537 ರಣಹದ್ದು ಸತ್ತುಬಿದ್ದಿದ್ವು. ಅಂಥ ಕಡೆ ಟ್ಯಾಗ್ ಇರೋ ಒಂದು ಹಕ್ಕಿ ಬಿದ್ದ ತಕ್ಷಣ ಓಡಿ ಹೋಗಿ ಹೆಣ ಸುಟ್ಟುಹಾಕಿದ್ರೆ ಹಿಂದೆ ಬರೋ ನೂರಾರು ಉಳಿಯತ್ವೆ. ಡ್ರೋನ್ ಬಗ್ಗೆ ಮಾತ್ರ ನನಗೆ ಸಮಾಧಾನ ಇಲ್ಲ, ಗೂಡಲ್ಲಿ ಮೊಟ್ಟೆ ಇರುವಾಗ ಬಂಡೆ ಹತ್ರ ಅದನ್ನ ಹಾರಿಸೋದು ಯಾವ ಡೇಟಾಗೂ ಬೇಡ.

ಔಷಧಿ ಕಥೆ ಇನ್ನೂ ಮುಗಿದಿಲ್ಲ. ಅಸಿಕ್ಲೋಫಿನ್ಯಾಕ್ ಅಂತ ಇನ್ನೊಂದಿದೆ, ದನದ ಮೈಯೊಳಗೆ ಹೋದ್ಮೇಲೆ ಅದೇ ಡೈಕ್ಲೋಫಿನ್ಯಾಕ್ ಆಗತ್ತೆ. ಅದನ್ನೂ ಕೀಟೋಪ್ರೊಫೆನ್ನನ್ನೂ 2023ರಲ್ಲಿ ಪಶುಗಳಿಗೆ ನಿಷೇಧ ಮಾಡಿದ್ರು, 2024ರ ಕೊನೆಗೆ ನಿಮೆಸುಲೈಡ್. ಮೆಲಾಕ್ಸಿಕಾಮ್, ಟಾಲ್ಫೆನಾಮಿಕ್ ಆಸಿಡ್ ಇವೆರಡೂ ರಣಹದ್ದಿಗೆ ಸುರಕ್ಷಿತ ಅಂತ ಪರೀಕ್ಷೆ ಮಾಡಿ ಗೊತ್ತಾಗಿದೆ, ದನಕ್ಕೂ ಕೆಲಸ ಮಾಡತ್ತೆ. ಮನೇಲಿ ದನ ಇರೋರು ಡಾಕ್ಟರ್ ಬಂದಾಗ ಯಾವ ಇಂಜೆಕ್ಷನ್ ಅಂತ ಒಂದು ಮಾತು ಕೇಳಿ, ಮೆಲಾಕ್ಸಿಕಾಮ್ ಕೊಡಿ ಸಾರ್ ಅಂತ ಹೇಳಿ.

ಇನ್ನೊಂದು. ರಾಮನಗರ, ಚಾಮರಾಜನಗರ, ಎಚ್.ಡಿ.ಕೋಟೆ, ಎಲ್ಲೇ ಆಗಲಿ ಸತ್ತ ರಣಹದ್ದು ಕಣ್ಣಿಗೆ ಬಿದ್ರೆ ದಯವಿಟ್ಟು ಹೂಳಬೇಡಿ, ಸುಡಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಬಿದ್ದಿರೋ ಹಾಗೇ ಫೋಟೋ ತೆಗೀರಿ, ರೆಕ್ಕೆ ಬಿಚ್ಚಿದ್ರೆ ರೆಕ್ಕೆದೂ ಬರಲಿ, ಸುತ್ತ ಬೇರೆ ಹೆಣ ಏನಾದ್ರೂ ಇದೆಯಾ, ಮೇಲೆ ತಂತಿ ಹಾದಿದೆಯಾ ನೋಡಿ, ಲೊಕೇಶನ್ ಹಾಕಿ ಹತ್ತಿರದ ಅರಣ್ಯ ಇಲಾಖೆ ಆಫೀಸಿಗೆ ಅವತ್ತೇ ತಿಳಿಸಿ, ಬರೋ ತನಕ ನಾಯಿ ಎಳೀದಂಗೆ ನೋಡ್ಕೊಳ್ಳಿ. ಕಿಡ್ನಿ ಲಿವರ್ ಬೇಗ ಕೊಳೆಯತ್ತೆ, ಎರಡು ದಿನ ಬಿಟ್ಟು ಹೋದ್ರೆ ಲ್ಯಾಬಲ್ಲಿ ಏನೂ ಸಿಗಲ್ಲ.